ದನದ ಡಾಕ್ಟರಿಗೆ ಸುಸ್ತಾಗಿದೆಯೋ, ಸಾಕಾಗಿದೆಯೋ?

‘ಇವತ್ತೂ ಕೆಲಸಕ್ಕೆ ಹೋಗಬೇಕಲ್ಲ ಎಂದು ನೆನೆದರೆ ಬೆಳಿಗ್ಗೆಯೇ ಸುಸ್ತಾಗುತ್ತದೆಯೇ?’

ಕೋಪನ್‌ಹೇಗನ್ ಬರ್ನೌಟ್ ಪ್ರಶ್ನಾವಳಿಯಲ್ಲಿ ಈ ಅರ್ಥದ ಒಂದು ಪ್ರಶ್ನೆ ಇದೆ. ಉತ್ತರಕ್ಕೆ ಐದು ಆಯ್ಕೆ. ಯಾವಾಗಲೂ ಎಂದರೆ 100 ಅಂಕ, ಆಗಾಗ ಎಂದರೆ 75, ಒಮ್ಮೊಮ್ಮೆಗೆ 50, ಅಪರೂಪಕ್ಕೆ ಎಂದರೆ 25, ಇಲ್ಲವೇ ಇಲ್ಲ ಎನ್ನುವ ಹಾಗಿದ್ದರೆ ಸೊನ್ನೆ. ಇಂಥ 19 ಪ್ರಶ್ನೆಗಳಿಗೆ ಟಿಕ್ ಹಾಕಿಸಿ, ಒಬ್ಬ ಮನುಷ್ಯ ಕೆಲಸದಿಂದ ಎಷ್ಟು ಬಸವಳಿದಿದ್ದಾನೆ ಎಂದು ಲೆಕ್ಕ ಹಾಕುತ್ತಾರೆ.

ಈ ಪ್ರಶ್ನೆಯನ್ನು ಒಬ್ಬ ಪಶುವೈದ್ಯರ ಮುಂದೆ ಇಡೋಣ. ಹಿಂದಿನ ರಾತ್ರಿ ಒಂದು ಗಂಟೆಗೆ ಫೋನ್ ಬಂದಿದೆ. ಹಸು ಸಂಜೆಯಿಂದ ತಿಣುಕುತ್ತಿದೆ, ಕರು ಅಡ್ಡ ಸಿಕ್ಕಿಕೊಂಡಿದೆ. ಬೈಕ್ ಹತ್ತಿ ಹೋಗಿ, ಭುಜದವರೆಗೆ ಕೈ ಹಾಕಿ, ಒಳಗೆ ಮಡಿಚಿಕೊಂಡಿದ್ದ ಕಾಲನ್ನು ನೇರ ಮಾಡಿ, ಹಗ್ಗ ಕಟ್ಟಿ ಎಳೆಯುವ ಹೊತ್ತಿಗೆ ಮೂರು ಗಂಟೆ. ನಮ್ಮ ಮನೆಯ ಕೊಟ್ಟಿಗೆಯಲ್ಲೂ ಹೀಗೊಂದು ರಾತ್ರಿ ನಡೆದಿದೆ. ಆ ಡಾಕ್ಟರು ಕೈ ತೊಳೆದುಕೊಂಡು, ಅಮ್ಮ ಕೊಟ್ಟ ಕಾಫಿ ಹಿಡಿದು, ಎದ್ದು ನಿಲ್ಲಲು ಒದ್ದಾಡುತ್ತಿದ್ದ ಕರುವನ್ನೇ ನೋಡುತ್ತ ಕೂತಿದ್ದರು. ಕಣ್ಣಲ್ಲಿ ನಿದ್ದೆ ಇತ್ತು, ಮುಖದಲ್ಲಿ ಬೇಸರ ಇರಲಿಲ್ಲ. ಅದೇ ಕರು ಸತ್ತು ಹುಟ್ಟಿದ್ದರೆ? ಅದು ಆ ವಾರದ ನಾಲ್ಕನೇ ರಾತ್ರಿಯಾಗಿದ್ದರೆ? ‘ಇಷ್ಟು ತಡವಾಗಿ ಬಂದರೆ ಇನ್ನೇನಾಗುತ್ತೆ’ ಎಂದು ಮನೆಯವರು ರೇಗಿದ್ದರೆ?

ಮೈ ಸುಸ್ತು ಎರಡೂ ಕಡೆ ಒಂದೇ. ಒಳಗಿನ ಸ್ಥಿತಿ ಬೇರೆ. ಕನ್ನಡದಲ್ಲಿ ಇದಕ್ಕೆ ಎರಡು ಮಾತು ಇವೆ: ‘ಸುಸ್ತಾಗಿದೆ’ ಮತ್ತು ‘ಸಾಕಾಗಿದೆ’. ಒಂದು ನಿದ್ದೆ ಮಾಡಿದರೆ ಹೋಗುತ್ತದೆ. ಇನ್ನೊಂದು ಹೋಗುವುದಿಲ್ಲ. ಪಶುವೈದ್ಯರ ಬರ್ನೌಟ್ ಅಳೆಯುವ ಕೆಲಸದ ಕಷ್ಟವೆಲ್ಲ ಈ ಎರಡನ್ನು ಬೇರೆ ಮಾಡುವುದರಲ್ಲೇ ಇದೆ.

ಬರ್ನೌಟ್ ಎಂಬ ಮಾತು ಸಂಶೋಧನೆಯೊಳಗೆ ಬಂದದ್ದು 1974ರಲ್ಲಿ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ತನ್ನ ಜೊತೆಯವರೂ ತಾನೂ ಹೇಗೆ ಒಳಗೊಳಗೇ ಉರಿದು ಬರಿದಾಗುತ್ತಿದ್ದೇವೆ ಎಂದು ಬರೆದರು. ಅದನ್ನು ಅಳತೆಗೆ ತಂದವರು ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್. 1981ರ ಅವರ ಪಟ್ಟಿಯಲ್ಲಿ 22 ಹೇಳಿಕೆಗಳಿವೆ. ಹೀಗೆ ಎಷ್ಟು ಸಲ ಅನ್ನಿಸುತ್ತದೆ ಎಂಬುದಕ್ಕೆ ಸೊನ್ನೆಯಿಂದ 6ರವರೆಗೆ ಅಂಕ ಕೊಡಬೇಕು. ಆ ಹೇಳಿಕೆಗಳು ಮೂರು ಗುಂಪಾಗುತ್ತವೆ. ಮೊದಲನೆಯದು ಮನಸ್ಸು ಬರಿದಾಗುವ ದಣಿವು. ಎರಡನೆಯದು ಎದುರಿಗಿರುವವರ ಬಗ್ಗೆ ಕಲ್ಲಾಗುವುದು, ಅವರನ್ನು ವಸ್ತುವಿನಂತೆ ನೋಡುವುದು. ಮೂರನೆಯದು ‘ನಾನೂ ಏನೋ ಸಾಧಿಸುತ್ತಿದ್ದೇನೆ’ ಎಂಬ ಭಾವ. ಇದು ಕಡಿಮೆಯಾದಷ್ಟೂ ಅಪಾಯ.

ಪಶುವೈದ್ಯರ ಮಟ್ಟಿಗೆ ಎರಡನೇ ಗುಂಪಿನಲ್ಲೇ ತೊಡಕು ಶುರುವಾಗುತ್ತದೆ. ಮಸ್ಲಾಕ್ ಪಟ್ಟಿ ಹುಟ್ಟಿದ್ದು ಮನುಷ್ಯರ ಸೇವೆ ಮಾಡುವವರಿಗಾಗಿ. ನರ್ಸ್‌ಗೆ ಎದುರಿಗಿರುವುದು ರೋಗಿ, ಮೇಷ್ಟ್ರಿಗೆ ವಿದ್ಯಾರ್ಥಿ. ಪಶುವೈದ್ಯರಿಗೆ ಎದುರಿಗಿರುವುದು ಯಾರು, ಹಸುವೋ ಹಸುವಿನ ಮಾಲೀಕರೋ? ಹಸುವಿನ ಬೆನ್ನು ಸವರುತ್ತ ‘ಬಾರವ್ವ, ಏಳವ್ವ’ ಎನ್ನುವ ವೈದ್ಯರೇ, ಪಕ್ಕದಲ್ಲಿ ನಿಂತ ಮಾಲೀಕರ ಮುಖ ನೋಡಿ ಮಾತಾಡದ ಸ್ಥಿತಿಗೆ ಬಂದಿರಬಹುದು. ಪ್ರಾಣಿಯ ಮೇಲಿನ ಮರುಕ ಬತ್ತಿಲ್ಲ, ಜನರ ಸಹವಾಸ ಸಾಕಾಗಿದೆ. ಇದು ತಿರುಗಾಮುರುಗಾ ಆಗುವುದೂ ಉಂಟು. ‘ನಿಮ್ಮ ಹತ್ತಿರ ಬರುವವರನ್ನು ವಸ್ತುವಿನಂತೆ ನೋಡುತ್ತೀರಾ’ ಎಂದು ಒಂದೇ ಪ್ರಶ್ನೆ ಕೇಳಿದರೆ ಆ ವ್ಯತ್ಯಾಸ ಸಿಗುವುದಿಲ್ಲ. ಕಾಲುಬಾಯಿ ಲಸಿಕೆಯ ದಿನ ನೂರಾರು ದನಗಳಿಗೆ ಸೂಜಿ ಹಾಕುವವರು ಪ್ರತಿಯೊಂದರ ಮುಖ ನೋಡುತ್ತ ನಿಲ್ಲಲಾಗದು. ಅಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಕೆಲಸದ ಭಾಗವೇ. ಅದಕ್ಕೂ ಬರ್ನೌಟ್ ಅಂಕ ಕೊಟ್ಟರೆ ಅನ್ಯಾಯ, ಅಲ್ವಾ?

ಮುಂದಿನ ತೊಡಕು ಗೆರೆ ಎಳೆಯುವುದರಲ್ಲಿ. ದಣಿವಿನ ಗುಂಪಿನಲ್ಲಿ 9 ಹೇಳಿಕೆಗಳಿವೆ, ಒಟ್ಟು 54 ಅಂಕ. 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ‘ಹೆಚ್ಚಿನ ದಣಿವು’ ಎಂದು ಎಷ್ಟೋ ವರ್ಷ ಬರೆಯುತ್ತ ಬಂದರು. ಈ 27 ಎಲ್ಲಿಂದ ಬಂತು? ರಕ್ತದೊತ್ತಡದ ಹಾಗೆ, ಇಷ್ಟು ದಾಟಿದವರಿಗೆ ಕಾಯಿಲೆ ಬರುತ್ತದೆ ಎಂದು ನೋಡಿ ಹಾಕಿದ ಗೆರೆ ಇದಲ್ಲ. ಮೊದಮೊದಲು ಉತ್ತರ ಕೊಟ್ಟವರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಆ ಸಾಲನ್ನು ಮೂರು ಸಮಪಾಲು ಮಾಡಿದರು. ಮೇಲಿನ ಪಾಲು ‘ಹೆಚ್ಚು’, ನಡುವಿನದು ‘ಸಾಧಾರಣ’, ಕೆಳಗಿನದು ‘ಕಡಿಮೆ’. ಅಂದರೆ ಆ ಗುಂಪಿನಲ್ಲಿ ಎಲ್ಲರೂ ನೆಮ್ಮದಿಯಾಗಿದ್ದಿದ್ದರೂ ಮೂರರಲ್ಲಿ ಒಂದು ಪಾಲು ಜನ ‘ಹೆಚ್ಚು’ ಎಂಬ ಹಣೆಪಟ್ಟಿ ಹೊರಬೇಕಿತ್ತು. ಪಟ್ಟಿ ಮಾಡಿದವರೇ ಆಮೇಲೆ ಈ ಗೆರೆಗಳನ್ನು ಕೈಪಿಡಿಯಿಂದ ತೆಗೆದುಹಾಕಿದರು. ಒಬ್ಬ ವ್ಯಕ್ತಿಗೆ ರೋಗನಿರ್ಣಯ ಮಾಡಲು ಈ ಪಟ್ಟಿ ಬಳಸಬಾರದು ಎಂಬುದು ಮಸ್ಲಾಕ್ ಅವರದೇ ಮಾತು. ಆದರೂ 27 ಇನ್ನೂ ಓಡಾಡುತ್ತಿದೆ.

ಗೆರೆ ಎಲ್ಲೆಲ್ಲೋ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಮನುಷ್ಯರ ವೈದ್ಯರ ಮೇಲಿನ ಒಂದು ಪರಿಶೀಲನೆಯೇ ಸಾಕ್ಷಿ. 2018ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಈ ಬರಹ 45 ದೇಶಗಳ 182 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬರ್ನೌಟ್ ಆದ ವೈದ್ಯರು ಶೇ. 0 ಎಂದು ಹೇಳಿದ ಅಧ್ಯಯನವೂ ಇತ್ತು, ಶೇ. 80.5 ಎಂದದ್ದೂ ಇತ್ತು. ಬರ್ನೌಟ್ ಅಂದರೆ ಏನು ಎಂಬುದಕ್ಕೆ ಕನಿಷ್ಠ 142 ಬಗೆಯ ವ್ಯಾಖ್ಯೆ ಸಿಕ್ಕವು. ಮುಕ್ಕಾಲಿಗಿಂತ ಹೆಚ್ಚು ಅಧ್ಯಯನಗಳು ಬಳಸಿದ್ದು ಮಸ್ಲಾಕ್ ಪಟ್ಟಿಯ ಯಾವುದೋ ಒಂದು ರೂಪವನ್ನೇ. ಅಳತೆಗೋಲು ಒಂದೇ ಇದ್ದರೂ ಎಲ್ಲಿಂದ ಎಣಿಸಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಇನ್ನು ಮೇಲೆ ‘ಪಶುವೈದ್ಯರಲ್ಲಿ ಅರ್ಧ ಜನಕ್ಕೆ ಬರ್ನೌಟ್’ ಎಂಬ ತಲೆಬರಹ ಕಂಡರೆ ಮೊದಲು ಕೇಳಬೇಕಾದದ್ದು ಗೆರೆ ಎಲ್ಲಿ ಎಳೆದರು ಎಂದೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಪಟ್ಟಿಯ ಹೊಸ ಆವೃತ್ತಿಯಲ್ಲಿ ಬರ್ನೌಟನ್ನು ಸೇರಿಸಿತು. ಆದರೆ ಕಾಯಿಲೆಯಾಗಿ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯಾಗಿ. ಸರಿಯಾಗಿ ನಿಭಾಯಿಸದ, ಬಹುಕಾಲದ ಕೆಲಸದ ಒತ್ತಡದಿಂದ ಬರುವಂಥದ್ದು ಎಂದು ಅದರ ವಿವರಣೆ. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಕಾಯಿಲೆ ಎಂದರೆ ಮನುಷ್ಯನಿಗೆ ಚಿಕಿತ್ಸೆ. ಕೆಲಸದ ಸ್ಥಿತಿ ಎಂದರೆ ಕೆಲಸಕ್ಕೆ ಚಿಕಿತ್ಸೆ.

ಪಶುವೈದ್ಯರ ಬಗ್ಗೆಯೇ ಸಿಕ್ಕಿರುವ ಅಂಕಿಗಳಿಗೆ ಬರೋಣ. ಬ್ರಿಟನ್ನಿನಲ್ಲಿ ಡೇವಿಡ್ ಬಾರ್ಟ್ರಮ್ ಮತ್ತು ಅವರ ಜೊತೆಯವರು 3,200 ಪಶುವೈದ್ಯರಿಗೆ ಪ್ರಶ್ನಾವಳಿ ಕಳಿಸಿದರು, 1,796 ಜನ ಉತ್ತರಿಸಿದರು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಬರೀ ದುಃಖ, ಆತಂಕ ಕೇಳಿ ಸುಮ್ಮನಾಗಲಿಲ್ಲ. ವಾರ್ವಿಕ್–ಎಡಿನ್‌ಬರೊ ಮಾಪಕ ಎಂಬ 14 ಹೇಳಿಕೆಗಳ ಪಟ್ಟಿಯಿಂದ ಮನಸ್ಸಿನ ನೆಮ್ಮದಿಯನ್ನೂ ಅಳೆಯಿತು. ಪಶುವೈದ್ಯರ ಸರಾಸರಿ ಸಾಮಾನ್ಯ ಜನರಿಗಿಂತ ತುಸು ಕೆಳಗಿತ್ತು. ಒತ್ತಡಕ್ಕೆ ಕಾರಣ ಏನು ಎಂದಾಗ ಮೇಲೆ ಬಂದವು ಎರಡು: ಕೆಲಸದ ಗಂಟೆಗಳು, ಮತ್ತು ತಪ್ಪು ಮಾಡಿಬಿಡುತ್ತೇನೆಂಬ ಭಯ. ಖುಷಿ ಕೊಡುವುದು ಏನು ಎಂದಾಗ, ಪ್ರಾಣಿ ಗುಣವಾಗುವುದು ಮತ್ತು ಜೊತೆಯಲ್ಲಿ ದುಡಿಯುವವರ ಒಡನಾಟ. ಯಾರು ಎಷ್ಟು ಬಳಲಿದ್ದಾರೆ ಎಂಬ ಅಂಕಕ್ಕಿಂತ ಈ ಕಾರಣಗಳ ಪಟ್ಟಿ ಹೆಚ್ಚು ಉಪಯೋಗದ್ದು.

ಅಮೆರಿಕದಲ್ಲಿ ಮರ್ಕ್ ಪ್ರಾಣಿ ಆರೋಗ್ಯ ಕಂಪನಿ ಅಲ್ಲಿನ ಪಶುವೈದ್ಯ ಸಂಘದ ಜೊತೆ ಸೇರಿ ಮಾಡಿದ ಮೊದಲ ಅಧ್ಯಯನ 2018ರಲ್ಲಿ ಬಂತು. 3,540 ಪಶುವೈದ್ಯರು ಉತ್ತರಿಸಿದ್ದರು. ಕಳೆದ 30 ದಿನಗಳ ಬಗ್ಗೆ ಆರು ಪ್ರಶ್ನೆ ಕೇಳುವ ಕೆಸ್ಲರ್ ಮಾಪಕದ ಪ್ರಕಾರ ತೀವ್ರ ಮಾನಸಿಕ ಸಂಕಟ ಇದ್ದವರು ಸುಮಾರು 20ರಲ್ಲಿ ಒಬ್ಬರು. ಅದು ಅಲ್ಲಿನ ಸಾಮಾನ್ಯ ಜನರಂತೆಯೇ. ಚಿಕ್ಕ ವಯಸ್ಸಿನವರ ಸ್ಥಿತಿ ಮಾತ್ರ ಹೆಚ್ಚು ಕೆಟ್ಟಿತ್ತು. ಅದೇ ಅಧ್ಯಯನದ ಇನ್ನೊಂದು ಪ್ರಶ್ನೆ ಮನಸ್ಸಿನಲ್ಲಿ ಉಳಿಯುತ್ತದೆ. ನಿಮ್ಮವರು ಯಾರಾದರೂ ಈ ವೃತ್ತಿಗೆ ಬರುತ್ತೇನೆ ಎಂದರೆ ಬನ್ನಿ ಎನ್ನುತ್ತೀರಾ? ಹೌದು ಎಂದವರು ಶೇ. 41. 34 ವರ್ಷದೊಳಗಿನವರಲ್ಲಿ ಶೇ. 24 ಮಾತ್ರ. ಮನಶ್ಶಾಸ್ತ್ರದ ಯಾವ ಮಾಪಕವೂ ಅಲ್ಲದ ಈ ಸಾದಾ ಪ್ರಶ್ನೆ ಸುಸ್ತಿನ ಪದರ ದಾಟಿ ‘ಸಾಕಾಗಿದೆ’ಯ ಹತ್ತಿರ ಹೋಗುತ್ತದೆ. ನಮ್ಮಲ್ಲಿ ಕೇಳುವುದಾದರೆ ‘ನಿಮ್ಮ ಮಗಳನ್ನು ಹೆಬ್ಬಾಳಕ್ಕೋ ಬೀದರಿಗೋ ಪಶುವೈದ್ಯ ಓದಲು ಕಳಿಸುತ್ತೀರಾ’ ಎಂದು ಕೇಳಬಹುದು. ಉತ್ತರ ತಕ್ಷಣ ಬರುತ್ತದೆ, ನಿಜವಾದದ್ದೂ ಆಗಿರುತ್ತದೆ.

ಇಲ್ಲೊಂದು ನೋವಿನ ವಿಷಯ ಹೇಳಲೇಬೇಕು. ಪಶುವೈದ್ಯರ ಬರ್ನೌಟ್ ಮಾತು ಬಂದಾಗಲೆಲ್ಲ ಆತ್ಮಹತ್ಯೆಯ ಅಂಕಿಗಳೂ ಜೊತೆಗೆ ಬರುತ್ತವೆ. ಅಮೆರಿಕದಲ್ಲಿ 1979ರಿಂದ 2015ರವರೆಗೆ ತೀರಿಕೊಂಡ ಪಶುವೈದ್ಯರ ದಾಖಲೆ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಒಟ್ಟು ಸಾವುಗಳಲ್ಲಿ ಆತ್ಮಹತ್ಯೆಯ ಪಾಲು, ಸಾಮಾನ್ಯ ಜನರ ಲೆಕ್ಕದಲ್ಲಿ ನಿರೀಕ್ಷಿಸುವುದಕ್ಕಿಂತ ಗಂಡಸರಲ್ಲಿ 2.1 ಪಟ್ಟು, ಹೆಂಗಸರಲ್ಲಿ 3.5 ಪಟ್ಟು ಇತ್ತು. ಇದು ತುಂಬ ಗಂಭೀರ. ಆದರೆ ಇದು ಬರ್ನೌಟಿನ ಅಳತೆ ಅಲ್ಲ. ಮೇಲಿನ ಪ್ಯಾರಾದ ಅಂಕಿ ಇನ್ನೊಮ್ಮೆ ನೋಡಿ. ತೀವ್ರ ಸಂಕಟ ಎಲ್ಲರಷ್ಟೇ ಇದ್ದೂ ಸಾವಿನ ಪಾಲು ಹೆಚ್ಚಿದೆ. ಎಂದ ಮೇಲೆ ಒಂದರಿಂದ ಇನ್ನೊಂದನ್ನು ಊಹಿಸುವ ಹಾಗಿಲ್ಲ. ಬರ್ನೌಟ್ ಅಂಕ ಕಡಿಮೆ ಬಂತೆಂದು ಯಾರ ಬಗ್ಗೆಯೂ ನಿಶ್ಚಿಂತರಾಗಬಾರದು, ಹೆಚ್ಚು ಬಂತೆಂದು ಗಾಬರಿಯನ್ನೂ ಹಬ್ಬಿಸಬಾರದು. ಓದುತ್ತಿರುವ ಯಾರಿಗಾದರೂ ಬದುಕೇ ಭಾರ ಅನ್ನಿಸುತ್ತಿದ್ದರೆ ದಯವಿಟ್ಟು ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಬರ್ನೌಟಿನ ಪಕ್ಕದಲ್ಲೇ ನಿಲ್ಲುವ ಇನ್ನೊಂದು ಸಂಕಟವಿದೆ. ಮಾಡಬೇಕಾದ್ದು ಏನು ಎಂದು ಗೊತ್ತು, ಮಾಡಲು ಆಗುತ್ತಿಲ್ಲ. ನರ್ಸ್‌ಗಳ ವಿಷಯದಲ್ಲಿ 1984ರಲ್ಲೇ ಆಂಡ್ರ್ಯೂ ಜೇಮ್ಟನ್ ಇದನ್ನು ಗುರುತಿಸಿ, ನೈತಿಕ ಸಂಕಟ ಎಂಬ ಅರ್ಥದ ಹೆಸರು ಕೊಟ್ಟಿದ್ದರು. 2018ರಲ್ಲಿ ಅಮೆರಿಕ ಮತ್ತು ಕೆನಡಾದ 889 ಪಶುವೈದ್ಯರನ್ನು ಲೀಸಾ ಮೋಸೆಸ್ ಮತ್ತು ಜೊತೆಯವರು ಈ ಬಗ್ಗೆ ಕೇಳಿದರು. ಸರಿಯಾದ ಚಿಕಿತ್ಸೆ ಕೊಡಲು ಅಡ್ಡ ಬರುವ ಸಂಗತಿಗಳಿಂದ ತಮಗೋ ತಮ್ಮ ಸಿಬ್ಬಂದಿಗೋ ಸಾಕಷ್ಟು ಸಂಕಟವಾಗಿದೆ ಎಂದವರು ಶೇ. 70ಕ್ಕಿಂತ ಜಾಸ್ತಿ. ಪ್ರಯೋಜನವಿಲ್ಲ ಎಂದು ತಮಗೆ ಗೊತ್ತಿದ್ದ ಚಿಕಿತ್ಸೆಯನ್ನು ಮಾಡಿ ಎಂದು ಕೇಳಿಸಿಕೊಂಡವರು ಶೇ. 79.

ಪಶ್ಚಿಮದ ಇಂಥ ಅಧ್ಯಯನಗಳಲ್ಲಿ ದಯಾಮರಣದ ಮಾತು ಬಹಳ ಬರುತ್ತದೆ. ಗುಣವಾಗುವ ನಾಯಿಗೂ ಇಂಜೆಕ್ಷನ್ ಕೊಟ್ಟು ಮುಗಿಸಿ ಎನ್ನುವ ಮಾಲೀಕರು ಅಲ್ಲಿನ ವೈದ್ಯರ ನಿದ್ದೆ ಕೆಡಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಸಂಕಟ ಬೇರೆ ದಿಕ್ಕಿನಿಂದ ಬರುತ್ತದೆ. ಬಿದ್ದಲ್ಲಿಂದ ಏಳದ ಹಸು, ದಿನ ದಿನಕ್ಕೆ ಮೈಯೆಲ್ಲ ಹುಣ್ಣು. ಅದಕ್ಕೆ ದಯಾಮರಣದ ಮಾತು ಆ ಅಂಗಳದಲ್ಲಿ ಯಾರ ಬಾಯಿಗೂ ಬರುವುದಿಲ್ಲ. ‘ಏನಾದ್ರೂ ಮಾಡಿ ಡಾಕ್ಟ್ರೇ’ ಎಂದು ಕೈಮುಗಿಯುವ ಹೆಣ್ಣುಮಗಳ ಮುಂದೆ ಮತ್ತೊಂದು ಬಾಟ್ಲು ಡ್ರಿಪ್ ಏರಿಸಿ ಬರಬೇಕು. ಆ ಹಸುವಿನ ಹಾಲಿನ ದುಡ್ಡಿನಲ್ಲೇ ಆ ಮನೆಯ ಸಂತೆ, ಶಾಲೆಯ ಫೀಸು ನಡೆಯುತ್ತಿರುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಇಂಥ ಅಂಗಳಗಳು ಎಷ್ಟಾದವು ಎಂದು ಆ ದಿನ ಊರೂರು ಸುತ್ತಿದವರಿಗೇ ಗೊತ್ತು. ಆದ್ದರಿಂದ ದಯಾಮರಣದ ಪ್ರಶ್ನೆಗಳಿರುವ ಪಟ್ಟಿಯನ್ನು ಹಾಗೇ ಕನ್ನಡಕ್ಕೆ ತಂದು ಹಂಚಿದರೆ, ನಮ್ಮ ವೈದ್ಯರು ‘ಇಲ್ಲವೇ ಇಲ್ಲ’ ಎಂದು ಟಿಕ್ ಹಾಕುತ್ತಾ ಹೋಗುತ್ತಾರೆ. ಅಂಕ ಕಡಿಮೆ ಬರುತ್ತದೆ. ಸಂಕಟ ಅಲ್ಲೇ ಇರುತ್ತದೆ.

ಪ್ರಶ್ನೆ ಒಂದು ನೆಲದಿಂದ ಇನ್ನೊಂದಕ್ಕೆ ಬಂದಾಗ ಹೀಗಾಗುವುದು ಹೊಸದಲ್ಲ. ಮಸ್ಲಾಕ್ ಪಟ್ಟಿಯ ಕೆಲವು ಪ್ರಶ್ನೆಗಳು ತಮ್ಮ ಜನಕ್ಕೆ ತೀರಾ ಅಮೆರಿಕದ್ದು ಅನ್ನಿಸಿದವು ಎಂದು ಡೆನ್ಮಾರ್ಕಿನ ಟಾಗೆ ಕ್ರಿಸ್ಟೆನ್ಸನ್ ಬರೆದಿದ್ದಾರೆ. ಅದಕ್ಕೇ ಅವರು, ಜೊತೆಯವರು ಸೇರಿ 2005ರಲ್ಲಿ ಕೋಪನ್‌ಹೇಗನ್ ಪಟ್ಟಿ ತಂದರು. ಅದು ಒಟ್ಟಾರೆ ದಣಿವು, ಕೆಲಸದಿಂದ ಬಂದ ದಣಿವು, ಎದುರಿನವರಿಂದ ಬಂದ ದಣಿವು ಎಂದು ಬೇರೆ ಬೇರೆಯಾಗಿ ಕೇಳುತ್ತದೆ. ಎದುರಿನವರು ಯಾರು ಎಂಬ ಜಾಗದಲ್ಲಿ ಆಯಾ ಕೆಲಸಕ್ಕೆ ಹೊಂದುವ ಪದ ಹಾಕಿಕೊಳ್ಳಬಹುದು. ಬಳಸಲು ದುಡ್ಡು ಕೊಡಬೇಕಿಲ್ಲ. ಮಸ್ಲಾಕ್ ಪಟ್ಟಿಗೆ ಕೊಡಬೇಕು. ನಮ್ಮ ಪಶುವೈದ್ಯರಿಗೆ ಯಾವುದು ಎಂದು ನನ್ನನ್ನು ಕೇಳಿದರೆ ಕೋಪನ್‌ಹೇಗನ್ ಪಟ್ಟಿಯನ್ನೇ ಆರಿಸುತ್ತೇನೆ. ಆದರೆ ಎದುರಿನವರ ಭಾಗವನ್ನು ಎರಡು ಸಲ ಕೇಳುತ್ತೇನೆ, ಜನರ ಬಗ್ಗೆ ಒಮ್ಮೆ, ಪ್ರಾಣಿಗಳ ಬಗ್ಗೆ ಒಮ್ಮೆ.

ಕನ್ನಡ ಮಾಡುವಾಗ ‘ದಣಿವು’ ಎಂಬ ಒಂದೇ ಪದ ಹಾಕಿ ಮುಗಿಸಬಾರದು. ಮಂಡ್ಯದವರಿಗೂ ಕಲಬುರಗಿಯವರಿಗೂ ಒಂದೇ ಅರ್ಥ ಕೊಡುವ ಪದ ಹುಡುಕಬೇಕು. ಕನ್ನಡಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸುವ ಪದ್ಧತಿ ಇದೆ. ಅಷ್ಟೇ ಸಾಲದು. ಹತ್ತು ಜನ ವೈದ್ಯರನ್ನು ಕೂರಿಸಿಕೊಂಡು ‘ಈ ಪ್ರಶ್ನೆ ಓದಿದಾಗ ನಿಮಗೆ ಏನು ನೆನಪಾಯಿತು’ ಎಂದು ಕೇಳಬೇಕು. ‘ಭಾವನಾತ್ಮಕ ಬಳಲಿಕೆ’ ಎಂದು ಬರೆದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ‘ಫೋನ್ ರಿಂಗ್ ಆದರೆ ಎದೆ ಧಸಕ್ ಅನ್ನುತ್ತದೆಯೇ’ ಎಂದರೆ ತಕ್ಷಣ ಉತ್ತರ ಬರುತ್ತದೆ. ಬೆಂಗಳೂರಿನ ಸಾಕುಪ್ರಾಣಿ ಕ್ಲಿನಿಕ್‌ಗಳಲ್ಲಿ ಇದೇ ಪ್ರಶ್ನೆಯನ್ನು ವಾಟ್ಸ್ಆ್ಯಪ್ ಮೆಸೇಜಿನ ಬಗ್ಗೆ, ಗೂಗಲ್‌ನಲ್ಲಿ ಬೀಳುವ ಒಂದು ಸ್ಟಾರ್‌ನ ಬಗ್ಗೆ ಕೇಳಬೇಕಾಗುತ್ತದೆ.

ಯಾವ ತಿಂಗಳು ಕೇಳುತ್ತೇವೆ ಎಂಬುದೂ ಉತ್ತರ ಬದಲಿಸುತ್ತದೆ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆರಡು ಸಲ. ಆ ದಿನಗಳಲ್ಲಿ ಬೆಳಗಿನ ಜಾವ ಶುರುಮಾಡಿ ಮನೆಮನೆ ಸುತ್ತಬೇಕು, 12 ಅಂಕಿಯ ಕಿವಿಯೋಲೆ ಹಾಕಬೇಕು, ಸಂಜೆ ಅದನ್ನೆಲ್ಲ ಮೊಬೈಲಿಗೆ ತುಂಬಬೇಕು. ನಡುವೆ ಕೃತಕ ಗರ್ಭಧಾರಣೆಗೆ ಬೆದೆಗೆ ಬಂದ ಹಸು ಕಾಯುವುದಿಲ್ಲ. ವಿಮೆಗೆ ಬೇಕಾದ ಶವಪರೀಕ್ಷೆಯೂ ಕಾಯುವುದಿಲ್ಲ. ಆ ತಿಂಗಳು ಕೇಳಿದ ಅಂಕವನ್ನು ಬೇರೆ ಜಿಲ್ಲೆಯ ಬಿಡುವಿನ ತಿಂಗಳ ಅಂಕದ ಪಕ್ಕ ಇಟ್ಟರೆ ಎರಡೂ ಸುಳ್ಳಾಗುತ್ತವೆ.

ಇನ್ನು ಕೇಳುವವರು ಯಾರು? ಪ್ರಶ್ನಾವಳಿ ಮೇಲಧಿಕಾರಿಯ ಕಚೇರಿಯಿಂದ ಸುತ್ತೋಲೆಯ ಜೊತೆ ಬಂದರೆ, ಅದನ್ನು ತುಂಬುವ ಕೈ ತಾನಾಗಿಯೇ ‘ಎಲ್ಲ ಚೆನ್ನಾಗಿದೆ’ ಕಡೆ ಹೋಗುತ್ತದೆ. ಹೆಸರು ಬರೆಯಬೇಡಿ ಎಂದರೆ ಸಾಲದು. ತಾಲ್ಲೂಕು, ವಯಸ್ಸು, ಹೆಣ್ಣೋ ಗಂಡೋ ಎಂದು ಮೂರು ವಿವರ ಕೇಳಿದರೆ ಮುಗಿಯಿತು. ಎಷ್ಟೋ ತಾಲ್ಲೂಕಿನಲ್ಲಿ ಆ ವಯಸ್ಸಿನ ಹೆಣ್ಣು ವೈದ್ಯರು ಒಬ್ಬರೇ ಇರುತ್ತಾರೆ. ಅವರಿಗೂ ಅದು ಗೊತ್ತು. ಹಾಗಾಗಿ ತಾಲ್ಲೂಕು ಬಿಟ್ಟು ವಿಭಾಗ ಮಾತ್ರ ಕೇಳುವುದು, ಇಲಾಖೆಯ ಹೊರಗಿನವರು ಉತ್ತರ ಕೂಡಿಡುವುದು ಒಳ್ಳೆಯದು. ಉತ್ತರ ಕೊಡದವರನ್ನೂ ಮರೆಯಬಾರದು. ತೀರಾ ಬಳಲಿದವರಿಗೆ ಇನ್ನೊಂದು ಫಾರಂ ತುಂಬಲು ತ್ರಾಣ ಇರುವುದಿಲ್ಲ. ಕೆಲಸ ಬಿಟ್ಟು ಬ್ಯಾಂಕಿಗೋ ಬೇರೆ ಪರೀಕ್ಷೆ ಬರೆದು ಬೇರೆ ಇಲಾಖೆಗೋ ಹೋದವರು ಪಟ್ಟಿಯಲ್ಲೇ ಇರುವುದಿಲ್ಲ. ಯಾಕೆ ಹೋದಿರಿ ಎಂದು ಅವರನ್ನು ಹುಡುಕಿ ಕೇಳಿದರೆ ಸಿಗುವ ಉತ್ತರ, ಉಳಿದವರ ನೂರು ಟಿಕ್‌ಗಳಿಗಿಂತ ಹೆಚ್ಚು ಹೇಳುತ್ತದೆ.

ಉತ್ತರ ಬಂದ ಮೇಲೆ ಎಲ್ಲವನ್ನೂ ಕೂಡಿಸಿ ಒಂದು ಸಂಖ್ಯೆ ಮಾಡುವ ಆಸೆ ಹುಟ್ಟುತ್ತದೆ. ಅದನ್ನು ತಡೆಯಬೇಕು. 2016ರಲ್ಲಿ ಮೈಕೆಲ್ ಲೈಟರ್ ಮತ್ತು ಮಸ್ಲಾಕ್ ಉತ್ತರಗಳನ್ನು ಕೂಡಿಸುವ ಬದಲು ಮೂರು ಗುಂಪುಗಳು ಸೇರಿ ಯಾವ ಚಿತ್ರ ಕೊಡುತ್ತವೆ ಎಂದು ನೋಡಿದರು. ದಣಿವು ಮಾತ್ರ ಹೆಚ್ಚಿರುವವರು ಒಂದು ಬಗೆ. ಇವರಿಗೆ ಕೆಲಸದ ಮೇಲೆ ಪ್ರೀತಿ ಉಳಿದಿದೆ, ಹೊರೆ ಮಾತ್ರ ಜಾಸ್ತಿಯಾಗಿದೆ. ದಣಿವು ಅಷ್ಟಿಲ್ಲದೆ ಮನಸ್ಸು ಮಾತ್ರ ಕಲ್ಲಾಗಿರುವವರು ಇನ್ನೊಂದು ಬಗೆ. ಇವರಿಗೆ ರಜೆ ಕೊಟ್ಟರೆ ಏನೂ ಬದಲಾಗದು. ತಮ್ಮ ಮಾತಿಗೆ ಬೆಲೆ ಇದೆ, ವರ್ಗಾವಣೆಯಲ್ಲಿ ನ್ಯಾಯ ಇದೆ ಎಂದು ಅವರಿಗೆ ಅನ್ನಿಸಬೇಕು. ನಾನು ಮೊದಲು ಹೇಳಿದ ಸುಸ್ತು ಮತ್ತು ಸಾಕು ಇದೇ. ಕೂಡಿಸಿ ಸರಾಸರಿ ಮಾಡಿದರೆ ಇಬ್ಬರಿಗೂ ಒಂದೇ ಅಂಕ, ಇಬ್ಬರಿಗೂ ಒಂದೇ ಯೋಗ ಶಿಬಿರ.

ಯೋಗ ಒಳ್ಳೆಯದೇ. ಆದರೆ ರಾತ್ರಿ ಒಂದು ಗಂಟೆಗೆ ಫೋನ್ ಎತ್ತುವವರು ಇನ್ನೊಬ್ಬರಿಲ್ಲ ಎಂಬ ಸಮಸ್ಯೆಯನ್ನು ಅದು ಬಗೆಹರಿಸುವುದಿಲ್ಲ. 5,000 ಜಾನುವಾರು ಘಟಕಕ್ಕೆ (ಒಂದು ದನ, ಇಲ್ಲವೇ ಹಲವು ಕುರಿ ಸೇರಿದರೆ ಒಂದು ಘಟಕ) ಒಬ್ಬ ಪಶುವೈದ್ಯರಿರಬೇಕು ಎಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 85 ಲಕ್ಷ ದನ, 30 ಲಕ್ಷ ಎಮ್ಮೆ, ಒಂದು ಕೋಟಿಗೂ ಹೆಚ್ಚು ಕುರಿ ಇದ್ದವು. ಹಾಗಾಗಿ ಮನಸ್ಸಿನ ಪ್ರಶ್ನೆಗಳ ಪಕ್ಕದಲ್ಲೇ ಕೆಲಸದ ಲೆಕ್ಕವನ್ನೂ ಕೇಳಬೇಕು. ನಿಮ್ಮ ಪಾಲಿಗೆ ಎಷ್ಟು ಊರು, ಎಷ್ಟು ದನ? ಕಳೆದ ತಿಂಗಳು ಎಷ್ಟು ರಾತ್ರಿ ಎದ್ದು ಹೋದಿರಿ? ಪಕ್ಕದ ಖಾಲಿ ಹುದ್ದೆಯ ಪ್ರಭಾರ ನಿಮ್ಮ ಮೇಲಿದೆಯೇ, ಎಷ್ಟು ದಿನದಿಂದ? ಒದೆ ತಿಂದದ್ದು, ಕೊಂಬು ತಗುಲಿದ್ದು ಎಷ್ಟು ಸಲ? ಕೈಗವಸು ಇಲ್ಲದೆ ಕಸ, ಅಂದರೆ ಕರು ಹಾಕಿದ ಮೇಲೆ ಬೀಳಬೇಕಾದ ಮಾಸು, ತೆಗೆದದ್ದು ಎಷ್ಟು ಸಲ? ಕಸ ಬೀಳದ ಹಸುವಿನಿಂದ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ವೈದ್ಯರಿಗೇ ತಗಲಬಹುದು. ಅದರ ಜ್ವರ, ಕೀಲುನೋವು, ತಿಂಗಳುಗಟ್ಟಲೆ ಬಿಡದ ಸುಸ್ತು ಪ್ರಶ್ನಾವಳಿಯಲ್ಲಿ ಬರ್ನೌಟಿನಂತೆಯೇ ಕಾಣಿಸುತ್ತದೆ. ರಕ್ತ ಪರೀಕ್ಷೆ ಮಾಡಿಸದೆ ಅಂಥವರನ್ನು ಕೌನ್ಸೆಲಿಂಗಿಗೆ ಕಳಿಸಿದರೆ ಎಂಥ ತಪ್ಪಾಗುತ್ತದೆ ಯೋಚಿಸಿ.

ಒಂದು ಸಲ ಅಳೆದು ವರದಿ ಬರೆದಿಟ್ಟರೆ ಅದು ಗಣತಿ ಮಾತ್ರ. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2010, 2014, 2019ರ ಸಮೀಕ್ಷೆಗಳಲ್ಲಿ ಅದೇ ವಾರ್ವಿಕ್–ಎಡಿನ್‌ಬರೊ ಮಾಪಕವನ್ನು ಇಟ್ಟುಕೊಂಡಿತು. ಅಳತೆಗೋಲು ಬದಲಿಸದಿದ್ದರೆ ಮಾತ್ರ ಏರಿತೋ ಇಳಿಯಿತೋ ಎಂದು ತಿಳಿಯುತ್ತದೆ. ನಮ್ಮಲ್ಲಿ ಇಷ್ಟು ದೊಡ್ಡದಾಗಿ ಶುರುಮಾಡಬೇಕಿಲ್ಲ. ಅಕ್ಕಪಕ್ಕದ ಎರಡು ತಾಲ್ಲೂಕು ತೆಗೆದುಕೊಳ್ಳಿ. ಒಂದರಲ್ಲಿ ಈಗಿನಂತೆಯೇ ನಡೆಯಲಿ. ಇನ್ನೊಂದರಲ್ಲಿ ರಾತ್ರಿಯ ಕರೆಗಳಿಗೆ ಸರದಿ ಹಾಕಿ. ನಾಲ್ಕು ವೈದ್ಯರಿದ್ದರೆ ಒಬ್ಬೊಬ್ಬರಿಗೆ ನಾಲ್ಕು ದಿನಕ್ಕೊಂದು ರಾತ್ರಿ, ಉಳಿದ ಮೂರು ರಾತ್ರಿ ಅವರ ಫೋನ್ ಆಫ್. ಅವತ್ತಿನ ಸರದಿ ಯಾರದು ಎಂದು ಡೈರಿಯ ಬೋರ್ಡಿನ ಮೇಲೆ ಬರೆದಿರಲಿ. ಶುರುವಿನಲ್ಲಿ ಒಮ್ಮೆ, ಆರು ತಿಂಗಳ ಮೇಲೆ ಒಮ್ಮೆ, ಎರಡೂ ಕಡೆ ಅದೇ ಹತ್ತೊಂಬತ್ತು ಪ್ರಶ್ನೆ ಕೇಳಿ. ಬೆಳಿಗ್ಗೆಯ ಸುಸ್ತಿನ ಪ್ರಶ್ನೆಗೆ 75 ಎಂದಿದ್ದವರು ಈಗ ಎಲ್ಲಿದ್ದಾರೆ ಎಂದು ನೋಡಿ. ಕಷ್ಟದ ಹೆರಿಗೆಯಲ್ಲಿ ಉಳಿದ ಕರುಗಳ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದಿಡಿ.